ಟಂಕಸಾಲೆಯ ತಪ್ಪಾ, ಆಮೇಲೆ ಬಿದ್ದ ಪೆಟ್ಟಾ? ನಾಣ್ಯ ನೋಡಿ ಗುರುತಿಸುವ ಬಗೆ

ಚಿಲ್ಲರೆಪೆಟ್ಟಿಗೆ:
ಎಲ್ಲರಿಗೂ ನಮಸ್ಕಾರ. ಬೇರೆ ಬೇರೆ ದೇಶದ ನಾಣ್ಯ ತುಂಬಿದ ಒಂದು ಪೆಟ್ಟಿಗೆ ಸಿಕ್ಕಿದೆ. ಅದರಲ್ಲಿ ನಾಲ್ಕನ್ನು ಬೇರೆ ಎತ್ತಿಟ್ಟಿದ್ದೇನೆ.

ಒಂದು ಅಮೆರಿಕದ ಕ್ವಾರ್ಟರ್, ಅಂದರೆ 25 ಸೆಂಟ್‌ನ ನಾಣ್ಯ. ಒಂದು ಮುಖ ಬೆಳ್ಳಗಿದೆ, ಇನ್ನೊಂದು ಪೂರ್ತಿ ತಾಮ್ರದ ಬಣ್ಣ. ಎರಡನೆಯದು ಒಂದು ಸೆಂಟ್. ಇಸವಿಯ ಅಂಕಿಗಳು ಎರಡೆರಡು ಸಲ ಬಿದ್ದ ಹಾಗಿವೆ. ಮೂರನೆಯದೂ ಸೆಂಟೇ, ಅಂಚಿನಲ್ಲಿ ಅರ್ಧಚಂದ್ರದ ಆಕಾರದ ಒಂದು ಚೂರು ಇಲ್ಲ. ನಾಲ್ಕನೆಯದರಲ್ಲಿ ತಲೆಯ ಚಿತ್ರದ ಮೇಲೆ ಅಕ್ಷರಗಳು ತಿರುಗುಮುರುಗಾಗಿ ಒತ್ತಿಕೊಂಡಿವೆ.

ಇವು ಟಂಕಸಾಲೆಯಲ್ಲೇ ಆದ ತಪ್ಪುಗಳಾ, ಅಥವಾ ಆಮೇಲೆ ಯಾರಾದರೂ ಏನಾದರೂ ಮಾಡಿದ್ದಾ? ವಿಡಿಯೋಗಳಲ್ಲಿ ಕಂಡದ್ದನ್ನೆಲ್ಲ ಅಪರೂಪ ಅಂತಾರೆ. ನನಗೆ ಬೇಕಿರುವುದು ನಾನೇ ನೋಡಿ ತಿಳಿದುಕೊಳ್ಳುವ ದಾರಿ.

ಹೊಸಬ:
ನನಗೂ ಇದೇ ಪ್ರಶ್ನೆ ಇತ್ತು. ಉತ್ತರಕ್ಕೆ ಕಾಯ್ತಿದ್ದೇನೆ.

ಅಚ್ಚಿನಮನೆ:
ನಾಲ್ಕಕ್ಕೂ ಉತ್ತರ ಸಿಗುತ್ತದೆ. ಆದರೆ ಮೊದಲು ನಾಣ್ಯ ಹೇಗೆ ತಯಾರಾಗುತ್ತದೆ ಅನ್ನೋದು ಕಣ್ಣಮುಂದೆ ಬರಬೇಕು. ಅದಿಲ್ಲದೆ ಎಷ್ಟು ಫೋಟೊ ಹೋಲಿಸಿದರೂ ಗೊಂದಲ ತಪ್ಪಲ್ಲ.

ಲೋಹದ ಉದ್ದ ಪಟ್ಟಿಯಿಂದ ದುಂಡು ಬಿಲ್ಲೆಗಳನ್ನು ಕತ್ತರಿಸುತ್ತಾರೆ. ಅವನ್ನು ಕಾಯಿಸಿ ಮೆದು ಮಾಡಿ, ತೊಳೆದು, ಇನ್ನೊಂದು ಯಂತ್ರದಲ್ಲಿ ಉರುಳಿಸಿ ಒತ್ತುತ್ತಾರೆ. ಆಗ ಸುತ್ತಲೂ ಅಂಚು ಸ್ವಲ್ಪ ಎದ್ದು ನಿಲ್ಲುತ್ತದೆ. ಆಮೇಲೆ ಪ್ರೆಸ್. ಕೆಳಗೊಂದು ಅಚ್ಚು, ಮೇಲೊಂದು ಅಚ್ಚು, ಸುತ್ತಲೂ ಕಾಲರ್ ಅನ್ನುವ ಉಕ್ಕಿನ ಬಳೆ. ಒಂದೇ ಏಟಿಗೆ ಎರಡು ಮುಖವೂ ಅಂಚಿನ ಗೆರೆಗಳೂ ಮೂಡುತ್ತವೆ. ನಾಣ್ಯ ಎಷ್ಟು ಅಗಲ ಆಗಬೇಕು ಅನ್ನುವುದನ್ನು ಆ ಕಾಲರ್ ತೀರ್ಮಾನಿಸುತ್ತದೆ.

ಹಾಗಾಗಿ ಏನೇ ವಿಚಿತ್ರ ಕಂಡರೂ ಕೇಳಬೇಕಾದ್ದು ಒಂದೇ. ಇದು ಅಚ್ಚು ಬೀಳುವ ಮುಂಚೆ ಆದದ್ದಾ, ಬೀಳುವಾಗ ಆದದ್ದಾ, ಬಿದ್ದಮೇಲೆ ಆದದ್ದಾ? ಬಿಲ್ಲೆಯಲ್ಲೇ ದೋಷ ಇದ್ದರೆ ಚಿತ್ರ ಆ ದೋಷದ ಮೇಲೆ ಬಿದ್ದಿರುತ್ತದೆ. ಅಕ್ಷರಗಳು ಅದಕ್ಕೆ ತಕ್ಕಂತೆ ಹರಿದಿರುತ್ತವೆ, ಬಾಗಿರುತ್ತವೆ, ಮಸುಕಾಗಿರುತ್ತವೆ. ನಾಣ್ಯ ಹೊರಗೆ ಬಂದಮೇಲೆ ಪೆಟ್ಟು ಬಿದ್ದಿದ್ದರೆ, ಮೊದಲೇ ಸರಿಯಾಗಿ ಮೂಡಿದ್ದ ಚಿತ್ರ ಆ ಜಾಗದಲ್ಲಿ ಕೆಟ್ಟಿರುತ್ತದೆ. ಲೋಹ ಪಕ್ಕಕ್ಕೆ ತಳ್ಳಿಸಿಕೊಂಡಿರುತ್ತದೆ, ಕೊಯ್ದಿರುತ್ತದೆ, ಇಲ್ಲವೇ ಚಪ್ಪಟೆಯಾಗಿರುತ್ತದೆ.

ಇನ್ನೊಂದು ಮಾತು. ಅಚ್ಚಿನಲ್ಲಿ ಎಲ್ಲವೂ ತಿರುವುಮುರುವು. ಅಚ್ಚಿಗೆ ಗೀರು ಬಿದ್ದರೆ ಅದು ತಗ್ಗು. ಏಟು ಬಿದ್ದಾಗ ಲೋಹ ಆ ತಗ್ಗಿಗೆ ನುಗ್ಗುತ್ತದೆ, ನಾಣ್ಯದ ಮೇಲೆ ಉಬ್ಬಿದ ಗೆರೆ ಬರುತ್ತದೆ. ನಾಣ್ಯಕ್ಕೇ ಗೀರು ಬಿದ್ದರೆ ಗೆರೆ ತಗ್ಗಾಗಿರುತ್ತದೆ. ಉಬ್ಬಿದ ಗೆರೆ ಕಂಡರೆ ನಿಂತು ನೋಡಿ. ತಗ್ಗಿದ ಗೆರೆ ಹತ್ತರಲ್ಲಿ ಒಂಬತ್ತು ಸಲ ಬರೀ ಗೀರು.

ಕೈಯಲ್ಲಿ ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್, ಎರಡು ದಶಾಂಶದ ತನಕ ತೋರಿಸುವ ತೂಕದ ಯಂತ್ರ, ಅಗಲ ಅಳೆಯುವ ಒಂದು ಕ್ಯಾಲಿಪರ್, ಒಂದು ಅಯಸ್ಕಾಂತ ಇದ್ದರೆ ಸಾಕು.

ತಕ್ಕಡಿ:
ಮೊದಲನೇ ನಾಣ್ಯ ನನಗೆ ಬಿಡಿ. 1965ರಿಂದ ಈಚೆಗಿನ ಮಾಮೂಲಿ ಕ್ವಾರ್ಟರ್ ಮೂರು ಪದರದ್ದು. ನಡುವೆ ತಾಮ್ರ, ಎರಡೂ ಕಡೆ ತಾಮ್ರ ಮತ್ತು ನಿಕಲ್ ಬೆರೆತ ಹೊದಿಕೆ. ಪೂರ್ತಿ ತೂಕ 5.67 ಗ್ರಾಂ. ಒಂದು ಕಡೆಯ ಹೊದಿಕೆ ದಪ್ಪದಲ್ಲಿ ಸುಮಾರು ಆರನೇ ಒಂದು ಪಾಲು. ಅಚ್ಚು ಬೀಳುವ ಮುಂಚೆಯೇ ಆ ಹೊದಿಕೆ ಕಳಚಿ ಹೋಗಿದ್ದರೆ ತೂಕ 4.7 ಗ್ರಾಂ ಆಸುಪಾಸಿಗೆ ಇಳಿಯಬೇಕು. ಇಳಿಯದಿದ್ದರೆ ಹೊದಿಕೆ ಅಲ್ಲೇ ಇದೆ, ಬಣ್ಣ ಮಾತ್ರ ಬದಲಾಗಿದೆ ಅಂತ ಅರ್ಥ. ಮಣ್ಣಲ್ಲಿ ಹೂತಿದ್ದ ನಾಣ್ಯ, ಬಿಸಿ ತಾಗಿದ ನಾಣ್ಯ, ಯಾವುದೋ ರಾಸಾಯನಿಕಕ್ಕೆ ಬಿದ್ದ ನಾಣ್ಯ, ಎಲ್ಲಕ್ಕೂ ಈ ಬಣ್ಣ ಬರುತ್ತದೆ.

ಅಂಚನ್ನೂ ನೋಡಿ. ಮಾಮೂಲಿ ನಾಣ್ಯದ ಅಂಚಿನಲ್ಲಿ ತಾಮ್ರದ ಪಟ್ಟಿ ನಡುವೆ ಇರುತ್ತದೆ, ಎರಡೂ ಪಕ್ಕ ಬಿಳಿ. ನಿಜವಾಗಿ ಒಂದು ಹೊದಿಕೆ ಇಲ್ಲದಿದ್ದರೆ ಒಂದೇ ಪಕ್ಕ ಬಿಳಿ ಇರುತ್ತದೆ.

ತೂಗಿ ಹೇಳಿ.

ಚಿಲ್ಲರೆಪೆಟ್ಟಿಗೆ:
5.65 ಗ್ರಾಂ ಬಂತು. ಅಂಚು ಪೂರ್ತಿ ಕಂದು ಬಣ್ಣ, ಪದರ ಬೇರೆ ಬೇರೆಯಾಗಿ ಕಾಣುತ್ತಿಲ್ಲ.

ತಕ್ಕಡಿ:
ಹಾಗಾದರೆ ಬರೀ ಬಣ್ಣ. ಅಂಚಿಗೂ ಹತ್ತಿದೆ ಅಂದರೆ ಹೊರಗಿನಿಂದ ಬಂದದ್ದು. ತೊಳೆಯಲು ಹೋಗಬೇಡಿ, ಹಾಗೇ ಇಡಿ. ಹೋಲಿಸಿ ನೋಡಲು ಇಂಥದ್ದೊಂದು ಹತ್ತಿರ ಇದ್ದರೆ ತುಂಬಾ ಉಪಯೋಗ.

ಲೂಪ್ಹತ್ತು:
ಎರಡನೇ ನಾಣ್ಯದ ಫೋಟೊ ಹಾಕುವಾಗ ದೀಪ ಒಂದೇ ಪಕ್ಕದಿಂದ ಬರಲಿ, ತುಸು ಓರೆಯಾಗಿ. ನೇರ ಮೇಲಿಂದ ಬೆಳಕು ಬಿಟ್ಟರೆ ಉಬ್ಬಿದ್ದು ಯಾವುದು, ತಗ್ಗಿದ್ದು ಯಾವುದು ತಿಳಿಯಲ್ಲ. ಒಂದು ಫೋಟೊ ತೆಗೆದ ಮೇಲೆ ನಾಣ್ಯವನ್ನು ಅಲ್ಲೇ ಬಿಟ್ಟು ದೀಪವನ್ನು ಎದುರು ಪಕ್ಕಕ್ಕೆ ಸರಿಸಿ ಇನ್ನೊಂದು ತೆಗೆಯಿರಿ. ಎರಡರಲ್ಲೂ ಜೋಡಿ ಅಂಕಿ ಒಂದೇ ಜಾಗದಲ್ಲಿ ಇದ್ದರೆ ಮುಂದೆ ಮಾತಾಡೋಣ. ಬೆಳಕಿನ ಜೊತೆ ಸರಿದಾಡಿದರೆ ಅದು ಬರೀ ಹೊಳಪು.

ಸ್ಕ್ಯಾನರ್‌ನಲ್ಲಿ ಇಟ್ಟು ತೆಗೆದ ಚಿತ್ರ ಬೇಡ. ಇಲ್ಲದ ಜೋಡಿಗೆರೆ ಅದರಲ್ಲಿ ಕಾಣುತ್ತದೆ.

ಚಿಲ್ಲರೆಪೆಟ್ಟಿಗೆ:
ಹಾಕಿದ್ದೇನೆ. ಎರಡು ಬೆಳಕಲ್ಲೂ ಜೋಡಿ ಹಾಗೇ ಇದೆ. 1997ರ ಸೆಂಟ್.

ಲೂಪ್ಹತ್ತು:
ಚೆನ್ನಾಗಿ ತೆಗೆದಿದ್ದೀರಿ. ಎರಡನೇ ಅಂಕಿ ಅಂತ ಕಾಣುತ್ತಿರುವುದು ಚಪ್ಪಟೆಯಾಗಿದೆ, ಹೊಳೆಯುತ್ತಿದೆ, ಮೂಲ ಅಂಕಿಗಿಂತ ತಗ್ಗಿನಲ್ಲಿದೆ. ಮೆಟ್ಟಿಲ ಹಾಗೆ. ಅಚ್ಚಿನಮನೆ ಸರ್ ಹೇಳಲಿ, ಆದರೆ ನನಗೆ ಇದು ಮಶೀನ್ ಡಬ್ಲಿಂಗ್.

ಅಚ್ಚಿನಮನೆ:
ಹೌದು, ಅದೇ. ಎಲ್ಲಕ್ಕಿಂತ ಜಾಸ್ತಿ ಗೊಂದಲ ಆಗುವುದು ಇಲ್ಲೇ, ಹಾಗಾಗಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ನಿಜವಾದ ಡಬಲ್ಡ್ ಡೈ ಅಂದರೆ ಅಚ್ಚಿನಲ್ಲೇ ಚಿತ್ರ ಎರಡು ಸಲ ಕೂತಿರುವುದು. ಅಚ್ಚು ಮಾಡುವಾಗ ಹಬ್ ಅನ್ನುವ ಇನ್ನೊಂದು ಉಕ್ಕಿನ ಮೂಲದಿಂದ ಚಿತ್ರವನ್ನು ಒತ್ತುತ್ತಾರೆ. ಮೊದಲೆಲ್ಲ ಒಂದು ಒತ್ತಿಗೆ ಚಿತ್ರ ಪೂರ್ತಿ ಇಳಿಯುತ್ತಿರಲಿಲ್ಲ. ಒಮ್ಮೆ ಒತ್ತಿದರೆ ಉಕ್ಕು ಗಡಸಾಗುತ್ತದೆ, ಕಾಯಿಸಿ ಮೆದು ಮಾಡಿ ಮತ್ತೆ ಒತ್ತಬೇಕು. ಎರಡನೇ ಸಲ ಒಂದು ಕೂದಲೆಳೆಯಷ್ಟು ತಿರುಗಿ ಕೂತರೂ ಆ ಅಚ್ಚಿನಿಂದ ಬರುವ ಪ್ರತಿ ನಾಣ್ಯದಲ್ಲೂ ಜೋಡಿ ಇರುತ್ತದೆ. 1955ರ ಅಮೆರಿಕದ ಸೆಂಟ್ ಇದಕ್ಕೆ ಹೆಸರಾದ ಉದಾಹರಣೆ. ಇಸವಿಯೂ ಅಕ್ಷರಗಳೂ ಬರಿಗಣ್ಣಿಗೇ ಎರಡೆರಡಾಗಿ ಕಾಣುತ್ತವೆ. ಅಂಥವು ಸುಮಾರು 20 ರಿಂದ 24 ಸಾವಿರ ಹೊರಗೆ ಬಂದವು ಅಂತ ಅಂದಾಜು.

ಇದರಲ್ಲಿ ಎರಡೂ ರೂಪ ದುಂಡಗೆ, ತುಂಬಿಕೊಂಡು ಇರುತ್ತವೆ. ಅಕ್ಷರ ಒಟ್ಟಾರೆ ದಪ್ಪ ಆಗಿರುತ್ತದೆ. ಅಕ್ಷರದ ಮೂಲೆಯಲ್ಲಿ ಸಣ್ಣ ಕಚ್ಚು, ಕವಲು ಕಾಣುತ್ತದೆ.

ಮಶೀನ್ ಡಬ್ಲಿಂಗ್‌ನಲ್ಲಿ ಅಚ್ಚು ಸರಿಯಾಗೇ ಇರುತ್ತದೆ, ಪ್ರೆಸ್‌ನಲ್ಲಿ ಸಡಿಲವಾಗಿ ಕೂತಿರುತ್ತದೆ ಅಷ್ಟೇ. ಏಟು ಹಾಕಿ ಹಿಂದೆ ಸರಿಯುವಾಗ ಅದು ತುಸು ಅಲುಗಿ, ಆಗಷ್ಟೇ ಮೂಡಿದ ಅಂಕಿಯ ಪಕ್ಕವನ್ನು ಸವರಿಕೊಂಡು ಹೋಗುತ್ತದೆ. ಅಂಕಿಯ ಒಂದು ಪಕ್ಕ ತಗ್ಗಿ ಮೆಟ್ಟಿಲಾಗುತ್ತದೆ. ಇಲ್ಲಿ ಅಂಕಿ ದಪ್ಪ ಆಗಲ್ಲ, ಇನ್ನೂ ತೆಳ್ಳಗಾಗುತ್ತದೆ. ಜೋಡಿ ಕಂಡಾಗ ಮೊದಲು ಇದನ್ನೇ ನೋಡಿ: ಅಕ್ಷರಕ್ಕೆ ಲೋಹ ಸೇರಿದೆಯಾ, ಅಕ್ಷರದಿಂದ ಲೋಹ ಹೋಗಿದೆಯಾ?

ಮೂರನೆಯದೊಂದು ಇದೆ. ಅಚ್ಚು ಬಹಳ ಓಡಿ ಸವೆದಾಗ ಅಕ್ಷರದ ಸುತ್ತ ಮಸುಕಾದ ನೆರಳು ಬರುತ್ತದೆ. ಬಯಲಿನಲ್ಲಿ, ಅಂದರೆ ಚಿತ್ರ ಇಲ್ಲದ ಸಮತಟ್ಟು ಜಾಗದಲ್ಲಿ, ಲೋಹ ಹರಿದ ಗೆರೆಗಳು, ಒರಟು ಮೈ ಇರುತ್ತವೆ. 1955ರ ಸೆಂಟ್‌ಗಳಲ್ಲೇ ಕೊನೆಯ 5 ಮಾತ್ರ ಹೀಗೆ ನೆರಳಾಗಿ ಕಾಣುವವು ಬೇಕಾದಷ್ಟಿವೆ. ಅವನ್ನು ಬಡವರ ಡಬಲ್ಡ್ ಡೈ ಅಂತಲೇ ಕರೆಯುತ್ತಾರೆ. ಡಬಲ್ಡ್ ಡೈ ಅಲ್ಲ, ಸವೆದ ಅಚ್ಚು.

1990ರ ದಶಕದ ಕೊನೆಯ ಹೊತ್ತಿಗೆ ಅಮೆರಿಕದ ಟಂಕಸಾಲೆಯಲ್ಲಿ ಒಂದೇ ಒತ್ತಿಗೆ ಅಚ್ಚು ಮಾಡುವ ವಿಧಾನ ಬಂತು. ಆದರೂ ಡಬಲ್ಡ್ ಡೈ ಪೂರ್ತಿ ನಿಲ್ಲಲಿಲ್ಲ. ಒತ್ತುವ ಮೊದಲು ತುಸು ವಾಲಿ ಕೂತು, ಒತ್ತುವಾಗ ಸರಿಯಾಗಿ ಕೂತುಬಿಟ್ಟರೆ ನಾಣ್ಯದ ನಡುಭಾಗದಲ್ಲಿ ಸಣ್ಣ ಜೋಡಿ ಬರುತ್ತದೆ. ಆದ್ದರಿಂದ ಹೊಸ ನಾಣ್ಯಗಳಲ್ಲಿ ಅಂಚಿನ ಅಕ್ಷರಕ್ಕಿಂತ ನಡುವಿನ ಚಿತ್ರವನ್ನು ಜಾಸ್ತಿ ನೋಡಿ.

ನಿಕಲ್‌ಮನಸ್ಸು:
ಇಲ್ಲಿ ನನ್ನದೊಂದು ತಕರಾರು. ಮಶೀನ್ ಡಬ್ಲಿಂಗ್ ಆಗುವುದು ಟಂಕಸಾಲೆಯ ಪ್ರೆಸ್ ಒಳಗೇ ಅಲ್ವಾ? ಅದನ್ನು ಕೆಲವರು ಡ್ಯಾಮೇಜ್, ಅಂದರೆ ಆಮೇಲೆ ಬಿದ್ದ ಪೆಟ್ಟು, ಅನ್ನುವ ಪಟ್ಟಿಗೆ ಹಾಕುವುದು ಹೇಗೆ ಸರಿ? ತಪ್ಪು ಅವರದೇ ತಾನೇ?

ಅಚ್ಚಿನಮನೆ:
ನ್ಯಾಯವಾದ ಪ್ರಶ್ನೆ. ಸಂಗ್ರಾಹಕರಲ್ಲೂ ಇದಕ್ಕೆ ಒಂದೇ ಉತ್ತರ ಇಲ್ಲ. ಕೆಲವರು ಅಚ್ಚು ಬಿದ್ದ ಮರುಕ್ಷಣ ಆದದ್ದು, ಆದ್ದರಿಂದ ಪೆಟ್ಟು ಅಂತಾರೆ. ಇನ್ನು ಕೆಲವರು ಏಟಿನ ದೋಷ ಅಂತಾರೆ. ನಾನು ಯಾವುದೇ ಪಟ್ಟಿಗೆ ಹಾಕಿದರೂ ಒಪ್ಪುತ್ತೇನೆ, ಡಬಲ್ಡ್ ಡೈ ಅಂತ ಮಾತ್ರ ಕರೆಯಬಾರದು. ಅದು ಆ ಅಚ್ಚಿನ ಗುರುತಲ್ಲ. ಅದೇ ಅಚ್ಚಿನ ಮುಂದಿನ ನಾಣ್ಯದಲ್ಲಿ ಇರಬಹುದು, ಇಲ್ಲದೆಯೂ ಇರಬಹುದು.

ಟಂಕಸಾಲೆಯ ಗೋಡೆಯೊಳಗೆ ಆದದ್ದೆಲ್ಲ ಎರರ್ ಅಂತ ಹೊರಟರೆ ಮುಗಿಯುವುದೇ ಇಲ್ಲ. ಹೊಸ ನಾಣ್ಯಗಳು ಒಂದರ ಮೇಲೊಂದು ಬಿದ್ದು ತಗ್ಗು ಮಾಡಿಕೊಳ್ಳುತ್ತವೆ. ಎಣಿಸುವ ಯಂತ್ರ ಗೀರುತ್ತದೆ. ನಾಣ್ಯ ಆಗಿ ಮುಗಿದಮೇಲೆ ಬಿದ್ದ ಏಟು ಯಾವ ಕಟ್ಟಡದಲ್ಲಿ ಬಿದ್ದರೂ ಏಟೇ.

ನಿಕಲ್‌ಮನಸ್ಸು:
ಎಣಿಸುವ ಯಂತ್ರದ ಮಾತು ಒಪ್ಪಿದೆ. ಆದರೆ ಅಲುಗಾಡುವ ಅಚ್ಚು ಯಂತ್ರದ ದೋಷ. ಕಡಿಮೆ ಬೆಲೆಬಾಳುತ್ತದೆ ಅಂತ ಅದನ್ನು ಪಟ್ಟಿಯಿಂದ ತೆಗೆಯುವುದು ನನಗೆ ಸರಿ ಕಾಣಲ್ಲ. ನಾನು ಏಟಿನ ದೋಷ ಅಂತಲೇ ಚೀಟಿ ಬರೆದು ಇಡುತ್ತೇನೆ.

ಅಚ್ಚಿನಮನೆ:
ಹಾಗೆ ಸ್ಪಷ್ಟವಾಗಿ ಬರೆದಿಟ್ಟರೆ ಯಾರಿಗೂ ಮೋಸವಿಲ್ಲ.

ಬೆಳ್ಳಿಗೆರೆ:
ಮೂರನೇ ನಾಣ್ಯ, ಅಂಚು ಕಚ್ಚಿಹೋದದ್ದು, ನನಗೆ ಕುತೂಹಲ. ಪಟ್ಟಿಯಿಂದ ಬಿಲ್ಲೆ ಕತ್ತರಿಸುವಾಗ ಪಟ್ಟಿ ಸರಿಯಾಗಿ ಮುಂದೆ ಸರಿಯದಿದ್ದರೆ, ಕತ್ತರಿಸುವ ಉಳಿ ಮೊದಲೇ ಆದ ತೂತಿನ ಮೇಲೆ ಸ್ವಲ್ಪ ಬೀಳುತ್ತದೆ. ಆಗ ಬಿಲ್ಲೆಯಲ್ಲಿ ಕಮಾನಿನ ಆಕಾರ ಇಲ್ಲವಾಗುತ್ತದೆ. ಇದಕ್ಕೆ ಕ್ಲಿಪ್ ಅಂತಾರೆ. ಪಟ್ಟಿಯ ತುದಿಗೆ ಬಿದ್ದರೆ ಕ್ಲಿಪ್ ನೇರ ಇರುತ್ತದೆ, ಇಲ್ಲವೇ ಹರಿದ ಹಾಗೆ.

ಕತ್ತರಿಯಿಂದಲೋ ಅರದಿಂದಲೋ ಆಮೇಲೆ ಮಾಡಿದ್ದಕ್ಕೂ ಇದಕ್ಕೂ ವ್ಯತ್ಯಾಸ ತಿಳಿಯಲು ಮೂರು ಜಾಗ ನೋಡಿ, ಚಿಲ್ಲರೆಪೆಟ್ಟಿಗೆ ಅವರೇ. ಮೊದಲು ಕ್ಲಿಪ್‌ಗೆ ನೇರ ಎದುರಿನ ಅಂಚು. ಬಿಲ್ಲೆಯನ್ನು ಉರುಳಿಸಿ ಅಂಚು ಎಬ್ಬಿಸುವ ಯಂತ್ರದಲ್ಲಿ, ಒಂದು ಕಡೆ ಖಾಲಿ ಇದ್ದರೆ ಎದುರು ಕಡೆಗೂ ಒತ್ತಡ ಸಿಗುವುದಿಲ್ಲ. ಅಲ್ಲಿ ಅಂಚು ಮಸುಕಾಗಿ, ಕರಗಿದ ಹಾಗೆ ಕಾಣುತ್ತದೆ. ಇದಕ್ಕೆ ಬ್ಲೇಕ್ಸ್‌ಲಿ ಪರಿಣಾಮ ಅಂತ ಹೆಸರು. ಎಲ್ಲ ನಿಜವಾದ ಕ್ಲಿಪ್‌ನಲ್ಲೂ ಇರಲೇಬೇಕು ಅಂತಿಲ್ಲ, ಆದರೆ ಇದ್ದರೆ ಬಲವಾದ ಸಾಕ್ಷಿ.

ಆಮೇಲೆ ಕ್ಲಿಪ್ ಪಕ್ಕದ ಅಕ್ಷರಗಳು. ಏಟು ಬಿದ್ದಾಗ ಲೋಹ ಖಾಲಿ ಜಾಗದ ಕಡೆ ಹರಿಯುತ್ತದೆ. ಅಕ್ಷರ ಅತ್ತ ಎಳೆದುಕೊಂಡು ತೆಳುವಾಗಿ ಮಾಯವಾಗುತ್ತದೆ. ಆಮೇಲೆ ಕತ್ತರಿಸಿದ್ದರೆ ಪೂರ್ತಿ ಚೆನ್ನಾಗಿರುವ ಅಕ್ಷರ ತಟಕ್ಕನೆ ತುಂಡಾಗಿರುತ್ತದೆ.

ಕೊನೆಯದು ಕ್ಲಿಪ್‌ನ ಒಳ ಅಂಚು. ಅಲ್ಲಿ ಉಜ್ಜಿದ ಗೆರೆ ಇದೆಯಾ?

ತಕ್ಕಡಿ:
ಬೆಳ್ಳಿಗೆರೆ ಮೇಡಂ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. 1982ರ ನಡುವೆ ಅಮೆರಿಕದ ಸೆಂಟ್ ಬದಲಾಯಿತು. ಮೊದಲು ಬಹುಪಾಲು ತಾಮ್ರ, 3.11 ಗ್ರಾಂ. ಆಮೇಲೆ ಸತು, ಮೇಲೆ ತಾಮ್ರದ ತೆಳು ಲೇಪ, 2.5 ಗ್ರಾಂ. ಬಿಲ್ಲೆ ಕತ್ತರಿಸಿದ ನಂತರ ಲೇಪ ಹಾಕುತ್ತಾರೆ. ಆದ್ದರಿಂದ ಹೊಸ ಸೆಂಟ್‌ನಲ್ಲಿ ಕ್ಲಿಪ್ ನಿಜವಾದರೆ ಕಚ್ಚಿಹೋದ ಜಾಗಕ್ಕೂ ತಾಮ್ರ ಹತ್ತಿರುತ್ತದೆ. ಆಮೇಲೆ ಕತ್ತರಿಸಿದ್ದರೆ ಬೂದುಬಣ್ಣದ ಸತು ಬಾಯಿ ತೆರೆದು ಕಾಣುತ್ತದೆ. ನಿಮ್ಮದು ಯಾವ ಇಸವಿ?

ಚಿಲ್ಲರೆಪೆಟ್ಟಿಗೆ:
1989. ಕಚ್ಚಿದ ಜಾಗ ಪೂರ್ತಿ ತಾಮ್ರದ ಬಣ್ಣವೇ. ಎದುರಿನ ಅಂಚು ಒಂದು ಉಗುರಿನಷ್ಟು ಉದ್ದ ಮಸುಕಾಗಿದೆ. ಪಕ್ಕದ ಅಕ್ಷರಗಳು ಕ್ಲಿಪ್ ಕಡೆ ಎಳೆದ ಹಾಗಿವೆ. ತೂಕ 2.31.

ಬೆಳ್ಳಿಗೆರೆ:
ಎಲ್ಲವೂ ಒಂದೇ ಕಡೆ ಬೊಟ್ಟು ಮಾಡುತ್ತಿದೆ. ತೂಕವೂ ಆ ಚೂರಿನಷ್ಟೇ ಕಡಿಮೆ. ಇದು ನಿಜವಾದ ಕ್ಲಿಪ್. ಖುಷಿಯಾಯಿತು!

ಹೊಸಬ:
ವಾವ್. ನಾಲ್ಕನೆಯದು? ತಿರುಗುಮುರುಗು ಅಕ್ಷರ ಇದ್ದರೆ ಬ್ರಾಕೇಜ್ ಅಂತಾರಲ್ಲ?

ಅಚ್ಚಿನಮನೆ:
ಬ್ರಾಕೇಜ್ ಹೇಗಾಗುತ್ತದೆ ಅಂತ ಮನಸ್ಸಲ್ಲೇ ನಡೆಸಿ ನೋಡಿ. ಒಂದು ನಾಣ್ಯ ಏಟು ತಿಂದು ಹೊರಗೆ ಬೀಳದೆ ಮೇಲಿನ ಅಚ್ಚಿಗೆ ಅಂಟಿಕೊಂಡಿತು. ಕೆಳಗೆ ಹೊಸ ಬಿಲ್ಲೆ ಬಂತು. ಮತ್ತೆ ಏಟು. ಹೊಸ ಬಿಲ್ಲೆಯ ಕೆಳಮುಖಕ್ಕೆ ಕೆಳಗಿನ ಅಚ್ಚು ತಾಗುತ್ತದೆ, ಅಲ್ಲಿ ಚಿತ್ರ ಸರಿಯಾಗಿ ಬೀಳುತ್ತದೆ. ಮೇಲ್ಮುಖಕ್ಕೆ ಅಚ್ಚು ತಾಗುವುದೇ ಇಲ್ಲ, ಅಂಟಿಕೊಂಡ ನಾಣ್ಯ ತಾಗುತ್ತದೆ. ಆ ನಾಣ್ಯದ ಕಾಣುವ ಮುಖ ಯಾವುದು? ಕೆಳಗಿನ ಅಚ್ಚು ಮಾಡಿದ ಮುಖವೇ.

ಅಂದರೆ ಪೂರ್ತಿ ಬ್ರಾಕೇಜ್‌ನಲ್ಲಿ ಎರಡೂ ಕಡೆ ಒಂದೇ ಚಿತ್ರ. ಒಂದು ಕಡೆ ಉಬ್ಬಿ ನೆಟ್ಟಗೆ, ಇನ್ನೊಂದು ಕಡೆ ತಗ್ಗಾಗಿ ತಿರುಗುಮುರುಗಾಗಿ. ಆ ತಗ್ಗಿದ ಮುಖದಲ್ಲಿ ಇರಬೇಕಿದ್ದ ಚಿತ್ರದ ಸುಳಿವೇ ಇರಬಾರದು, ಯಾಕಂದರೆ ಅದು ಬೀಳಲೇ ಇಲ್ಲ.

ನಿಮ್ಮ ನಾಣ್ಯದಲ್ಲಿ ತಲೆಯ ಚಿತ್ರ ಇದೆ, ಅದರ ಮೇಲೆ ತಿರುಗುಮುರುಗು ಅಕ್ಷರಗಳೂ ಇವೆ. ತಲೆ ಮೊದಲು ಪೂರ್ತಿ ಮೂಡಿ, ಆಮೇಲೆ ಚಪ್ಪಟೆಯಾಗಿದೆ. ಎರಡು ನಾಣ್ಯಗಳನ್ನು ಜೊತೆಗಿಟ್ಟು ಬೆಂಚ್ ವೈಸ್‌ನಲ್ಲಿ, ಅಂದರೆ ಎರಡು ದವಡೆಯ ನಡುವೆ ಬಿಗಿಹಿಡಿಯುವ ಸಾಧನದಲ್ಲಿ, ಬಿಗಿದರೆ, ಇಲ್ಲವೇ ಸುತ್ತಿಗೆಯಿಂದ ಹೊಡೆದರೆ ಹೀಗೇ ಆಗುತ್ತದೆ. ಹಿಂಬದಿ ನೋಡಿ. ವೈಸ್‌ನ ದವಡೆ ತಾಗಿದ ಕಡೆ ಚಿತ್ರದ ಎತ್ತರದ ಭಾಗ ಒತ್ತಿ ಹೊಳೆಯುತ್ತಿರಬೇಕು.

ಚಿಲ್ಲರೆಪೆಟ್ಟಿಗೆ:
ಹೊಳೆಯುತ್ತಿದೆ. ಒಂದು ಕಡೆ ಸಣ್ಣ ಸಣ್ಣ ಅಡ್ಡಗೆರೆಗಳೂ ಇವೆ.

ಅಚ್ಚಿನಮನೆ:
ವೈಸ್‌ನ ಹಲ್ಲು. ಮುಗಿಯಿತು.

ನಿಕಲ್‌ಮನಸ್ಸು:
ಅಂಚಿನ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಪದೇಪದೇ ಕೈಗೆ ಬರುವುದು ಬಟ್ಟೆ ಒಣಗಿಸುವ ಯಂತ್ರದಲ್ಲಿ ಸಿಕ್ಕಿಬಿದ್ದ ನಾಣ್ಯ. ಡ್ರಮ್ ಒಳಗೆ ಎಲ್ಲೋ ಸಿಕ್ಕಿಕೊಂಡು ತಿಂಗಳುಗಟ್ಟಲೆ ಉರುಳುತ್ತಾ ಇರುತ್ತದೆ. ಅಂಚು ಒಳಕ್ಕೆ ಮಡಚಿ ದಪ್ಪಗಾಗುತ್ತದೆ, ಅಕ್ಷರಗಳನ್ನು ಅಂಚು ನುಂಗಿದ ಹಾಗಿರುತ್ತದೆ, ಮೈ ನಯವಾಗಿ ಮಂಕಾಗಿರುತ್ತದೆ. ಅಗಲ ಅಳೆಯಿರಿ. ಮಾಮೂಲಿಗಿಂತ ಕಡಿಮೆ ಇರುತ್ತದೆ, ತೂಕ ಮಾತ್ರ ಹೆಚ್ಚುಕಡಿಮೆ ಸರಿ ಇರುತ್ತದೆ. ಪ್ರೆಸ್‌ನಲ್ಲಿ ಹೀಗಾಗಲು ದಾರಿಯೇ ಇಲ್ಲ.

ಇದಕ್ಕೆ ಉಲ್ಟಾ ಬ್ರಾಡ್‌ಸ್ಟ್ರೈಕ್. ಕಾಲರ್ ಇಲ್ಲದೆ ಏಟು ಬಿದ್ದು ಲೋಹ ಹೊರಕ್ಕೆ ಹರಡಿರುತ್ತದೆ. ಅಗಲ ಜಾಸ್ತಿ, ಅಂಚಿನ ಗೆರೆಗಳಿಲ್ಲ, ತೂಕ ಸರಿ. ಚಿತ್ರದ ಎತ್ತರದ ಭಾಗ ಚಪ್ಪಟೆಯಾಗದೆ ಇರಬೇಕು, ಇದೇ ಮುಖ್ಯ. ಎರಡು ತೊಗಲಿನ ನಡುವೆ ಇಟ್ಟು ಬಡಿದು ದೊಡ್ಡದು ಮಾಡಿದ ಸೆಂಟ್‌ಗಳು ಬೇಕಾದಷ್ಟು ಓಡಾಡುತ್ತವೆ. ಅವುಗಳಲ್ಲಿ ಇಸವಿ, ಅಕ್ಷರ ಎಲ್ಲವೂ ಹಿಗ್ಗಿ ಮಸುಕಾಗಿರುತ್ತವೆ.

ಆಫ್ ಸೆಂಟರ್, ಅಂದರೆ ಚಿತ್ರ ನಡುವಿನಿಂದ ಪಕ್ಕಕ್ಕೆ ಸರಿದ ನಾಣ್ಯದ ಬಗ್ಗೆಯೂ ಒಂದು ಮಾತು. ಬಿಲ್ಲೆ ಸರಿದು ಕೂತಿದ್ದರೆ ಎರಡು ಮುಖದಲ್ಲೂ ಚಿತ್ರ ಸರಿದಿರುತ್ತದೆ. ಒಂದೇ ಮುಖದಲ್ಲಿ ಸರಿದಿದ್ದರೆ ಬಿಲ್ಲೆ ಸರಿಯಾಗೇ ಇತ್ತು, ಒಂದು ಅಚ್ಚು ಪಕ್ಕಕ್ಕೆ ಕೂತಿತ್ತು.

ತಕ್ಕಡಿ:
ತೆಳ್ಳಗಿನ ನಾಣ್ಯಕ್ಕೂ ಅಗಲವೇ ಉತ್ತರ ಕೊಡುತ್ತದೆ. ಪಟ್ಟಿಯನ್ನೇ ತೆಳುವಾಗಿ ಉರುಳಿಸಿದ್ದರೆ ತೂಕ ಕಡಿಮೆ, ಚಿತ್ರ ಪೂರ್ತಿ ತುಂಬಿರಲ್ಲ, ಆದರೆ ಕಾಲರ್ ಇದ್ದುದರಿಂದ ಅಗಲ ಸರಿ ಇರುತ್ತದೆ. ಆಸಿಡ್‌ಗೆ ಹಾಕಿದ್ದರೆ ಎಲ್ಲ ಕಡೆಯಿಂದಲೂ ಲೋಹ ಕರಗಿರುತ್ತದೆ. ಅಗಲವೂ ಕಡಿಮೆ, ಅಕ್ಷರಗಳು ಸಣಕಲು, ಮೈ ಒರಟು.

ಹೊಸಬ:
ನನ್ನ ಒಂದು ನಾಣ್ಯದಲ್ಲಿ ಒಂದು ಅಕ್ಷರವೇ ಇಲ್ಲ. ಉಜ್ಜಿದ ಗುರುತೂ ಇಲ್ಲ. ಇದೇನು?

ಅಚ್ಚಿನಮನೆ:
ಬಹುಶಃ ಗ್ರೀಸ್. ಅಚ್ಚಿನಲ್ಲಿ ಅಕ್ಷರ ಅಂದರೆ ತಗ್ಗು. ಪ್ರೆಸ್‌ನ ಗ್ರೀಸ್, ಲೋಹದ ಪುಡಿ, ಕೊಳೆ ಸೇರಿ ಆ ತಗ್ಗು ತುಂಬಿಕೊಂಡರೆ ಲೋಹ ಒಳಗೆ ಹೋಗಲು ಜಾಗ ಇರಲ್ಲ. 2005ರ ಕ್ಯಾನ್ಸಸ್ ಕ್ವಾರ್ಟರ್‌ನಲ್ಲಿ ಹೀಗೆ ಒಂದು ಟಿ ಅಕ್ಷರ ಮೂಡದೆ, "ಟ್ರಸ್ಟ್" ಅಂತ ಇರಬೇಕಾದ್ದು "ರಸ್ಟ್" ಆಗಿ ಹೆಸರು ಮಾಡಿತು. ಇಂಥ ಕಡೆ ಅಕ್ಷರ ಇರಬೇಕಾದ ಜಾಗವೂ ಸುತ್ತಲಿನ ಬಯಲೂ ಒಂದೇ ಮಟ್ಟದಲ್ಲಿ, ಒಂದೇ ಬಗೆಯ ಮೈಯಲ್ಲಿ ಇರುತ್ತವೆ. ಕೆರೆದು ತೆಗೆದಿದ್ದರೆ ಅಲ್ಲಿ ಮೈ ಬೇರೆ ಥರ ಹೊಳೆಯುತ್ತದೆ, ಲೂಪ್‌ನಲ್ಲಿ ಸಣ್ಣ ಗೀರು ಕಾಣುತ್ತವೆ, ಮಟ್ಟ ಕೂಡ ತುಸು ಕೆಳಗಿರುತ್ತದೆ.

ಏನೂ ಇಲ್ಲದಿರುವುದೇ ಬೆಲೆ ತರುವ ನಾಣ್ಯಗಳಲ್ಲಿ ಮೋಸ ಜಾಸ್ತಿ, ಯಾಕಂದರೆ ತೆಗೆಯುವುದು ಸುಲಭ. 1922ರಲ್ಲಿ ಅಮೆರಿಕದ ಸೆಂಟ್ ಮಾಡಿದ್ದು ಡೆನ್ವರ್ ಟಂಕಸಾಲೆ ಒಂದೇ, ಹಾಗಾಗಿ ಆ ಟಂಕಸಾಲೆಯ ಗುರುತಾದ ಡಿ ಅಕ್ಷರ ಇರಲೇಬೇಕು. ಅಚ್ಚು ಹಾಳಾಗಿ ಕೆಲವದರಲ್ಲಿ ಅದು ಮೂಡಲಿಲ್ಲ. ಅಂದಿನಿಂದ ಡಿ ಕೆರೆದು ಮಾರುವವರೂ ಹುಟ್ಟಿಕೊಂಡರು.

1937ರ ಡೆನ್ವರ್ ನಿಕಲ್, ಅಂದರೆ ಐದು ಸೆಂಟ್‌ನ ನಾಣ್ಯ, ಇನ್ನೂ ಒಳ್ಳೆಯ ಪಾಠ. ಎರಡು ಅಚ್ಚುಗಳು ನಡುವೆ ಬಿಲ್ಲೆ ಇಲ್ಲದೆ ಒಂದಕ್ಕೊಂದು ಬಡಿದು ಗುರುತು ಮಾಡಿಕೊಂಡಿದ್ದವು. ಆ ಗುರುತು ಹೋಗಲಿ ಅಂತ ಅಚ್ಚನ್ನು ಉಜ್ಜಿದರು. ಜಾಸ್ತಿ ಉಜ್ಜಿದ್ದಕ್ಕೆ ಹಿಂಬದಿಯ ಚಿತ್ರದಲ್ಲಿದ್ದ ಕಾಡೆಮ್ಮೆಯ ಮುಂಗಾಲು ಒಂದು ಅಳಿಸಿಹೋಯಿತು, ಗೊರಸು ಮಾತ್ರ ನೆಲದ ಮೇಲೆ ಉಳಿಯಿತು. ನಾಲ್ಕು ಕಾಲಿನ ನಾಣ್ಯ ತಗೊಂಡು ಒಂದು ಕಾಲು ಕೆರೆದು ಮಾರುವುದು ಬಹಳ ಕಾಲದಿಂದ ನಡೆದಿದೆ. ನಿಜವಾದದ್ದರಲ್ಲಿ ಹೊಟ್ಟೆಯ ಕೆಳಗಿಂದ ನೆಲದ ಕಡೆಗೆ ಸಾಲಾಗಿ ಉಬ್ಬಿದ ಚುಕ್ಕೆಗಳಿರುತ್ತವೆ. ಉಬ್ಬಿದ ಚುಕ್ಕೆ ಅಂದರೆ ಅಚ್ಚಿನಲ್ಲಿ ಗುಳಿ. ಕೆರೆಯುವವನು ಲೋಹ ತೆಗೆಯಬಲ್ಲ, ಉಬ್ಬಿಸುವುದು ಅವನಿಗೆ ಕಷ್ಟ.

ಲೂಪ್ಹತ್ತು:
ಇದೇ ಕಾರಣಕ್ಕೆ ಕಡ್ ನನಗೆ ಇಷ್ಟ. ಅಚ್ಚಿನ ಅಂಚಿನ ಒಂದು ತುಂಡೇ ಮುರಿದು ಬಿದ್ದಾಗ ನಾಣ್ಯದಲ್ಲಿ ಅಂಚಿಗೆ ಸೇರಿದ ಹಾಗೆ ಉಬ್ಬಿದ ಮುದ್ದೆ ಬರುತ್ತದೆ, ಚಿತ್ರ ಏನೂ ಇರಲ್ಲ. ಅದಕ್ಕೆ ಸರಿಯಾಗಿ ಹಿಂಬದಿಯಲ್ಲೂ ಚಿತ್ರ ಮಸುಕಾಗಿರುತ್ತದೆ, ಯಾಕಂದರೆ ಅಲ್ಲಿ ಲೋಹವನ್ನು ತಡೆದು ಒತ್ತುವುದಕ್ಕೆ ಎದುರಿಗೆ ಏನೂ ಇರಲಿಲ್ಲ. ಬೆಸುಗೆ ಹಾಕಿ ಮುದ್ದೆ ಕೂರಿಸಿದವರು ಹಿಂಬದಿ ಮರೆತಿರುತ್ತಾರೆ.

ಲೇಪ ಇರುವ ಸೆಂಟ್‌ಗಳಲ್ಲಿ ಸಣ್ಣ ಸಣ್ಣ ಗುಳ್ಳೆ ಕಂಡು ಕಡ್ ಅಂತ ಕೇಳುವವರು ಜಾಸ್ತಿ. ಲೇಪದ ಕೆಳಗೆ ಗಾಳಿ ಸಿಕ್ಕಿ ಎದ್ದ ಗುಳ್ಳೆ ಅದು. ಸತುವಿನ ಸೆಂಟ್‌ಗಳಲ್ಲಿ ತೀರಾ ಮಾಮೂಲು.

ಹೊಸಬ:
ಎರಡೂ ಕಡೆ ತಲೆ ಇರುವ ನಾಣ್ಯ?

ತಕ್ಕಡಿ:
ಜಾದೂಗಾರರದು. ಒಂದು ನಾಣ್ಯವನ್ನು ಒಳಗೆ ಕೊರೆದು, ಇನ್ನೊಂದನ್ನು ತೆಳ್ಳಗೆ ಕಡಿದು ಅದರೊಳಗೆ ಕೂರಿಸುತ್ತಾರೆ. ಅಂಚಿನ ಒಳಮಗ್ಗುಲಲ್ಲಿ ಸುತ್ತಲೂ ಕೂಡು ಗೆರೆ ಹುಡುಕಿ. ಮೇಜಿನ ಮೇಲೆ ಬೀಳಿಸಿದರೆ ಸದ್ದು ಕೂಡ ಮಂಕು.

ಹೊಸಬ:
1943ರ ಒಂದು ತಾಮ್ರದ ಬಣ್ಣದ ಸೆಂಟ್ ಕೂಡ ಇದೆ. ಅದು ಬಹಳ ಅಪರೂಪ ಅಂತ ಓದಿದ್ದೆ.

ತಕ್ಕಡಿ:
ಮೊದಲು ಅಯಸ್ಕಾಂತ ಹಿಡಿಯಿರಿ. ಯುದ್ಧಕ್ಕೆ ತಾಮ್ರ ಬೇಕಿತ್ತು ಅಂತ ಆ ವರ್ಷ ಸೆಂಟನ್ನು ಸತು ಲೇಪದ ಉಕ್ಕಿನಲ್ಲಿ ಮಾಡಿದರು. ಹಿಂದಿನ ವರ್ಷದ ಕೆಲವೇ ತಾಮ್ರದ ಬಿಲ್ಲೆಗಳು ಪ್ರೆಸ್‌ಗೆ ಸೇರಿಹೋದವು. ಅವೇ ಅಪರೂಪದವು. ಅಯಸ್ಕಾಂತಕ್ಕೆ ಅಂಟಿಕೊಂಡರೆ ಉಕ್ಕಿನ ಸೆಂಟ್‌ಗೆ ತಾಮ್ರ ಬಳಿದದ್ದು, ಅಲ್ಲಿಗೆ ಮುಗಿಯಿತು. ಅಂಟಿಕೊಳ್ಳದೆ ತೂಕ 3.11 ಆಸುಪಾಸು ಬಂದರೂ ಇಸವಿಯ ಕೊನೆಯ ಅಂಕಿ ಲೂಪ್‌ನಲ್ಲಿ ನೋಡಿ. 1948ರ 8ರ ಎಡಭಾಗ ಕೆರೆದು 3 ಮಾಡಿದವು ಇವೆ. ಅದೂ ಸರಿ ಇದ್ದರೆ ನುರಿತವರಿಗೆ ತೋರಿಸಿ. ಫೋಟೊ ಮೇಲೆ ತೀರ್ಮಾನ ಬೇಡ.

ಹೊಸಬ:
ಅಂಟಿಕೊಂಡಿತು. ಸಂಶಯ ಹೋಯಿತು, ಧನ್ಯವಾದ.

ಚಿಲ್ಲರೆಪೆಟ್ಟಿಗೆ:
ಪೆಟ್ಟಿಗೆಯ ತಳದಲ್ಲಿ ಕೈಯಿಂದ ಹೊಡೆದ ಹಾಗಿರುವ ಹಳೆಯ ಬೆಳ್ಳಿ ನಾಣ್ಯಗಳೂ ಇವೆ. ಚಿತ್ರ ಒಂದರಲ್ಲೂ ನಡುವೆ ಇಲ್ಲ. ಕೆಲವದರಲ್ಲಿ ಸಣ್ಣ ಮುದ್ರೆಗಳಿವೆ. ಅವಕ್ಕೂ ಇದೇ ನಿಯಮವಾ?

ಬೆಳ್ಳಿಗೆರೆ:
ಇಲ್ಲಿ ಅಳತೆಗೋಲೇ ಬೇರೆ. ಕೈಯಲ್ಲಿ ಅಚ್ಚು ಹಿಡಿದು ಸುತ್ತಿಗೆಯಿಂದ ಹೊಡೆಯುತ್ತಿದ್ದ ಕಾಲದಲ್ಲಿ ಚಿತ್ರ ಪಕ್ಕಕ್ಕೆ ಸರಿಯುವುದು, ಎರಡು ಏಟಿನಿಂದ ಜೋಡಿ ಬೀಳುವುದು, ಒಂದು ಭಾಗ ಮೂಡದಿರುವುದು ಎಲ್ಲ ಮಾಮೂಲು. ಅದನ್ನು ಎರರ್ ಅಂತ ಯಾರೂ ಬೇರೆ ಎತ್ತಿಡುವುದಿಲ್ಲ. ಬ್ರಾಕೇಜ್ ಮಾತ್ರ ಆಗಲೂ ಬ್ರಾಕೇಜೇ. ಪ್ರಾಚೀನ ರೋಮ್‌ನ ಬೆಳ್ಳಿ ನಾಣ್ಯಗಳಲ್ಲಿ ಚೆಂದದ ಬ್ರಾಕೇಜ್‌ಗಳು ಸಿಗುತ್ತವೆ.

ಅಂಚು ಕಡಿಮೆಯಾಗಿದ್ದರೆ ಅದರ ಹಿಂದೆ ಬೇರೆಯೇ ಕಥೆ ಇರಬಹುದು. ಬೆಳ್ಳಿ ಕದಿಯಲು ಅಂಚನ್ನು ಕತ್ತರಿಸುತ್ತಿದ್ದರು. ಇಂಗ್ಲೆಂಡಿನಲ್ಲಿ ಇದು ಎಷ್ಟು ಹೆಚ್ಚಿತೆಂದರೆ 1696ರಲ್ಲಿ ಹಳೆಯ ಬೆಳ್ಳಿ ನಾಣ್ಯಗಳನ್ನೆಲ್ಲ ಹಿಂದಕ್ಕೆ ತಗೊಂಡು ಹೊಸದಾಗಿ ಹೊಡೆಯಬೇಕಾಯಿತು. ಐಸಾಕ್ ನ್ಯೂಟನ್ ಟಂಕಸಾಲೆಯ ವಾರ್ಡನ್ ಆಗಿ ಸೇರಿದ್ದು ಅದೇ ವರ್ಷ. ಅಂಚಿಗೆ ಗೆರೆ, ಅಕ್ಷರ ಹಾಕುವ ಪದ್ಧತಿ ಬೆಳೆದದ್ದಕ್ಕೆ ಈ ಕಳ್ಳತನ ಒಂದು ದೊಡ್ಡ ಕಾರಣ. ಕತ್ತರಿಸಿದರೆ ತಕ್ಷಣ ಗೊತ್ತಾಗಲಿ ಅಂತ.

ಸಣ್ಣ ಮುದ್ರೆಗಳು ವ್ಯಾಪಾರಿಗಳದ್ದು ಇರಬಹುದು. ಬೆಳ್ಳಿ ಶುದ್ಧ ಇದೆಯಾ ಅಂತ ಪರೀಕ್ಷೆ ಮಾಡಿ ತಮ್ಮ ಗುರುತು ಒತ್ತುತ್ತಿದ್ದರು. ಚೀನಾಕ್ಕೆ ಹೋದ ಬೆಳ್ಳಿ ಡಾಲರ್‌ಗಳ ಮೈತುಂಬಾ ಇಂಥ ಮುದ್ರೆ ಇರುತ್ತವೆ. ಲೆಕ್ಕಕ್ಕೆ ಅಚ್ಚು ಬಿದ್ದಮೇಲೆ ಆದದ್ದು, ಪೆಟ್ಟೇ. ಆದರೂ ಅವನ್ನೇ ಹುಡುಕಿ ಇಟ್ಟುಕೊಳ್ಳುವವರಿದ್ದಾರೆ, ನಾನೂ ಒಬ್ಬಳು. ಆ ನಾಣ್ಯ ಎಷ್ಟು ಕೈ ದಾಟಿತು ಅನ್ನುವುದು ಅದರ ಮೈಮೇಲೇ ಬರೆದಿರುತ್ತದೆ.

ದಯವಿಟ್ಟು ಅವನ್ನು ಉಜ್ಜಬೇಡಿ. ಜಿಡ್ಡು ಇದ್ದರೆ ಶುದ್ಧ ಅಸಿಟೋನ್‌ನಲ್ಲಿ ಸ್ವಲ್ಪ ಹೊತ್ತು ಬಿಟ್ಟು ತೆಗೆಯಿರಿ, ಬೆಂಕಿಯಿಂದ ದೂರ, ಕಿಟಕಿ ತೆರೆದಿಟ್ಟು.

ನಿಕಲ್‌ಮನಸ್ಸು:
ಎರಡು ಬಗೆಯ ಲೋಹ ಕೂಡಿಸಿ ಮಾಡಿದ ನಾಣ್ಯದ ಮಾತು ಉಳಿಯಿತು. ನಡುವಿನ ಬಿಲ್ಲೆ ತಿರುಗಿರುವ, 2 ಯೂರೊ ಬೆಲೆಯ ಒಂದು ನಾಣ್ಯ ನನ್ನ ಹತ್ತಿರ ಇದೆ. ಏನಂತೀರಿ?

ಅಚ್ಚಿನಮನೆ:
ಇಂಥ ನಾಣ್ಯದ ಹೊರಗಿನ ಬಳೆ ಮತ್ತು ಒಳಬಿಲ್ಲೆ ಬೇರೆ ಬೇರೆಯಾಗಿ ಪ್ರೆಸ್‌ಗೆ ಬರುತ್ತವೆ. ಎರಡನ್ನೂ ಕೂಡಿಸುವುದು, ಚಿತ್ರ ಮೂಡಿಸುವುದು ಎರಡೂ ಒಂದೇ ಏಟಿನ ಕೆಲಸ. ಏಟು ಬೀಳುವ ಮುಂಚೆ ಅವಕ್ಕೆ ಚಿತ್ರವೇ ಇಲ್ಲ. ಆದ್ದರಿಂದ ಚಿತ್ರ ಇರುವ ಒಳಬಿಲ್ಲೆ ಬಳೆಗೆ ಹೋಲಿಸಿದರೆ ತಿರುಗಿ ಕೂತಿದ್ದರೆ, ಅದು ಹೊರಬಂದ ಮೇಲೆ ಯಾರೋ ಬಡಿದು ತೆಗೆದು ಮತ್ತೆ ಹಾಕಿದ್ದು.

ಟಂಕಸಾಲೆಯ ತಪ್ಪಾದರೆ ಹೀಗಿರುತ್ತದೆ: ಒಳಬಿಲ್ಲೆ ಪಕ್ಕಕ್ಕೆ ಸರಿದು ಬಳೆಯ ಮೇಲೆ ಹತ್ತಿ ಕೂತಿರುತ್ತದೆ, ಆದರೆ ಚಿತ್ರದ ಗೆರೆಗಳು ಕೂಡು ಜಾಗವನ್ನು ದಾಟಿ ಎಲ್ಲೂ ಮುರಿಯದೆ ಹೋಗಿರುತ್ತವೆ. ನಿಮ್ಮದರಲ್ಲಿ ಕೂಡು ಜಾಗದ ಸುತ್ತ ಲೂಪ್ ಓಡಿಸಿ. ಬಡಿದ ಗುರುತು, ತುಸು ಎದ್ದ ಲೋಹ, ಸಣ್ಣ ಸಂದು, ಮೂರರಲ್ಲಿ ಒಂದಾದರೂ ಸಿಗುತ್ತದೆ.

ನಿಕಲ್‌ಮನಸ್ಸು:
ಸಂದು ಇದೆ. ಬೆರಳಲ್ಲಿ ಒತ್ತಿದರೆ ಒಳಬಿಲ್ಲೆ ಸ್ವಲ್ಪ ಅಲುಗುತ್ತದೆ ಕೂಡ. ಹೊರಬಂದಮೇಲೆ ಆದದ್ದು ಅಂತ ಚೀಟಿ ಬರೆದೆ.